ಚಾಕುವಿನ ಅಲಗು ದಪ್ಪವಿದ್ದಷ್ಟೂ ಒಳ್ಳೆಯದೇ?

ಪ್ರಶ್ನೆ: ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯ ತುಂಡೊಂದು ಸಿಕ್ಕಿದೆ. ಮನೆಗೂ ತೋಟಕ್ಕೂ ಆಗುವಂಥ ಸಣ್ಣ ಚಾಕು ಮಾಡಿಕೊಳ್ಳಬೇಕೆಂದಿದ್ದೇನೆ. ಗಟ್ಟಿಯಾಗಿರಲಿ ಎಂದು ಅಲಗನ್ನು 5 ಮಿ.ಮೀ. ದಪ್ಪ ಇಡಬಹುದೇ?

ಉತ್ತರ: ಬೇಡ. 2.5 ಮಿ.ಮೀ. ಸಾಕು, ಹೆಚ್ಚೆಂದರೆ 3. ತೆಳ್ಳಗಾದರೆ ಮುರಿದೀತು ಎಂಬ ಭಯ ಮೊದಲ ಚಾಕು ಮಾಡುವವರೆಲ್ಲರಿಗೂ ಇರುತ್ತದೆ, ನನಗೂ ಇತ್ತು. ಆದರೆ ಈ ಚಾಕು ಮಾಡಬೇಕಾದ ಕೆಲಸವನ್ನು ಯೋಚಿಸಿ: ಹಗ್ಗ ಕತ್ತರಿಸುವುದು, ಗೊಬ್ಬರದ ಚೀಲ ಬಿಚ್ಚುವುದು, ಕಡ್ಡಿ ಚೂಪು ಮಾಡುವುದು, ಹಣ್ಣು ಹೆಚ್ಚುವುದು. ಮೀಟುವುದಕ್ಕೆ ಹಾರೆಯಿದೆ, ಕಡಿಯುವುದಕ್ಕೆ ಮಚ್ಚಿದೆ.

ದಪ್ಪ ಅಲಗಿನಿಂದ ಒಂದು ಗಜ್ಜರಿ ಹೆಚ್ಚಿ ನೋಡಿ. ಅರ್ಧದವರೆಗೆ ಇಳಿಯುತ್ತದೆ, ಆಮೇಲೆ ಟಪ್ಪೆಂದು ಸೀಳಿಹೋಗುತ್ತದೆ. ಹರಿತ ಸಾಲದೆ ಹಾಗಾಗುವುದಲ್ಲ, ಅಲಗು ಬೆಣೆಯಾಗಿ ಕೆಲಸ ಮಾಡುತ್ತದೆ. 20 ಮಿ.ಮೀ. ಅಗಲದ ಅಲಗನ್ನು ಬೆನ್ನಿನಿಂದ ಬಾಯಿಯವರೆಗೆ ನೇರವಾಗಿ ಇಳಿಸಿದರೆ, 5 ಮಿ.ಮೀ. ಬೆನ್ನಿಗೆ ಆ ಬೆಣೆಯ ಕೋನ 14 ಡಿಗ್ರಿ, 2.5 ಮಿ.ಮೀ. ಬೆನ್ನಿಗೆ 7. ಇದು ಎಷ್ಟು ಮಸೆದರೂ ಬದಲಾಗುವುದಿಲ್ಲ. ದಪ್ಪ ಅರ್ಧವಾದರೆ ಬಾಗದೆ ನಿಲ್ಲುವ ಬಿಗಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ನಿಜ. ಅಲಗು ಗಿಡ್ಡವಿದ್ದಾಗ ಅಷ್ಟೇ ಧಾರಾಳ. ಮರಗೆಲಸಕ್ಕೆ ಹೆಸರಾದ ಸ್ವೀಡನ್ನಿನ ಮೋರಾ ಚಾಕುಗಳಲ್ಲಿ ಅನೇಕವು 2ರಿಂದ 2.5 ಮಿ.ಮೀ. ದಪ್ಪದವೇ.

ಸಣ್ಣ ಚಾಕು ಮುರಿಯುವುದಾದರೆ ಹೆಚ್ಚಾಗಿ ಅಲಗು ಹಿಡಿಯನ್ನು ಸೇರುವಲ್ಲಿ. ಅಲ್ಲಿ ಅರದಿಂದ ಚೌಕಾಕಾರದ ಒಳಮೂಲೆ ಕೊರೆದಿದ್ದರೆ ಒತ್ತಡವೆಲ್ಲ ಆ ಮೂಲೆಗೇ ಬಂದು ಕೂರುತ್ತದೆ. ನನ್ನ ಎರಡನೆಯ ಚಾಕು ಹದ ಹಾಕಲು, ಎಂದರೆ ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿ ಗಡಸು ಮಾಡಲು, ಎಣ್ಣೆಗೆ ಅದ್ದಿದ ಕೂಡಲೇ ಟಿಣ್ ಎಂದಿತು. ತೆಗೆದು ನೋಡಿದರೆ ಅದೇ ಮೂಲೆಯಿಂದ ಕೂದಲೆಳೆಯಂಥ ಬಿರುಕು. ಅಂದಿನಿಂದ ಅಲ್ಲಿ ಮೊದಲು ಡ್ರಿಲ್‌ನಿಂದ ತೂತು ಕೊರೆದು, ಅದರ ದುಂಡನ್ನೇ ಉಳಿಸಿಕೊಂಡು ಸುತ್ತಲಿನದನ್ನು ಕತ್ತರಿಸುತ್ತೇನೆ. ಹದಕ್ಕೆ ಮುಂಚೆ ಬಾಯಿಯನ್ನೂ ಪೂರ್ತಿ ತೆಳ್ಳಗೆ ಮಾಡುವುದಿಲ್ಲ. ಅರ್ಧ ಮಿ.ಮೀ. ಬಿಟ್ಟಿರುತ್ತೇನೆ, ಇಲ್ಲದಿದ್ದರೆ ಅದು ಸೊಟ್ಟಗಾಗುತ್ತದೆ.

ಅಳತೆಯನ್ನು ಅಲಗಿನಿಂದಲ್ಲ, ಕೈಯಿಂದ ಶುರುಮಾಡಿ. ಹಿಡಿ ನಿಮ್ಮ ಅಂಗೈಯ ಅಗಲಕ್ಕಿಂತ ಒಂದು ಬೆರಳು ಉದ್ದವಿರಲಿ, ಹೆಚ್ಚಿನವರಿಗೆ 100–110 ಮಿ.ಮೀ. ಆಗುತ್ತದೆ. ಅಲಗು 75–90 ಸಾಕು. ಹಿಡಿಯ ಅಡ್ಡಸೀಳು ಮೊಟ್ಟೆಯಾಕಾರದಲ್ಲಿರಬೇಕು. ಪೂರ್ತಿ ದುಂಡಗಿದ್ದರೆ ಒದ್ದೆ ಕೈಯಲ್ಲಿ ತಿರುಗುತ್ತದೆ, ಬಾಯಿ ಎತ್ತ ಇದೆಯೆಂದು ಬೆರಳಿಗೆ ತಿಳಿಯುವುದಿಲ್ಲ. ತೋರುಬೆರಳಿನ ಮುಂದೆ ಸಣ್ಣದೊಂದು ಉಬ್ಬು ಇರಲಿ, ಕೈ ಜಾರಿದರೂ ಅಲಗಿನ ಮೇಲೆ ಹೋಗುವುದಿಲ್ಲ. ಕಬ್ಬಿಣ ಮುಟ್ಟುವ ಮೊದಲು ಪ್ಲೈವುಡ್‌ನಲ್ಲಿ ಇದೇ ಆಕಾರ ಕತ್ತರಿಸಿ ಎರಡು ದಿನ ಕೈಯಲ್ಲಿ ಆಡಿಸಿ. ಅಂಗೈಗೆ ಎಲ್ಲಿ ಒತ್ತುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ ಅರದಿಂದ ಉಜ್ಜಿ.

ಇನ್ನು ನಿಮ್ಮ ಪಟ್ಟಿಯ ವಿಷಯ. ಉಕ್ಕು ಒಳ್ಳೆಯದೇ. ಅರ್ಧ ದಪ್ಪವನ್ನು ಸಾಣೆಗೆ ಕೊಟ್ಟು ಹಾಳುಮಾಡದೆ ಕುಲುಮೆಯಲ್ಲಿ ಬಡಿಸಿಕೊಳ್ಳಿ. ಆದರೆ ವರ್ಷಗಟ್ಟಲೆ ಭಾರ ಹೊತ್ತ ಪಟ್ಟಿಯ ಮೈಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ತುಕ್ಕು ಉಜ್ಜಿ ತೆಗೆದು, ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡಿ. ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಬಳಿಯಿರಿ. ಬಿಳಿಯ ಮೇಲೆ ಎಲ್ಲಾದರೂ ಒದ್ದೆಯ ಗೆರೆ ಮೂಡಿದರೆ, ಆ ಜಾಗವನ್ನು ಬಿಟ್ಟು ತುಂಡು ಮಾಡಿಕೊಳ್ಳಿ.