ದಂಡದ ದುಡ್ಡಲ್ಲಿ ಠಾಣೆ ನಡೆಯುತ್ತಾ? ಮತ್ತೆ ಅದೇ ಪ್ರಶ್ನೆ

ಓದುಗರ ಪ್ರಶ್ನೆ: ನಮ್ಮದು ಹೋಬಳಿ ಕೇಂದ್ರ. ಠಾಣೆ ಇದೆ, ಜೀಪೂ ಇದೆ. ರಾತ್ರಿ ಫೋನ್ ಮಾಡಿದರೆ ‘ಸಿಬ್ಬಂದಿ ಇಲ್ಲ, ಬೆಳಗ್ಗೆ ಬನ್ನಿ’ ಅಂತಾರೆ. ಆದರೆ ಸಂತೆ ದಿನ ಕ್ರಾಸಿನಲ್ಲಿ ಹೆಲ್ಮೆಟ್ ಹಿಡಿಯೋಕೆ ನಾಲ್ಕು ಜನ ನಿಂತಿರುತ್ತಾರೆ. ಅಷ್ಟು ದಂಡ ವಸೂಲಿ ಮಾಡುವ ಠಾಣೆಗೆ ಇನ್ನೊಂದು ನಾಲ್ಕು ಪೇದೆಗಳನ್ನು ಇಟ್ಟುಕೊಳ್ಳೋಕೆ ಏನು ಕಷ್ಟ?

ಊರಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಈ ಸಲ ಉದ್ದವಾಗಿಯೇ ಬರೆದುಬಿಡುತ್ತೇನೆ. ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸಿದರಾಯಿತು.

ಚಿಕ್ಕ ಉತ್ತರ ಮೊದಲು. ಠಾಣೆಗೆ ಸ್ವಂತ ಜೇಬಿಲ್ಲ. ಜನರನ್ನು ಸೇರಿಸಿಕೊಳ್ಳುವ ಅಧಿಕಾರವೂ ಇಲ್ಲ. ನಿಮ್ಮ ಪಿಎಸ್‌ಐ ಸಾಹೇಬರು ಎಷ್ಟೇ ಮನಸ್ಸು ಮಾಡಿದರೂ ಸಂಬಳ ಕೊಟ್ಟು ಒಬ್ಬ ಪೇದೆಯನ್ನು ಇಟ್ಟುಕೊಳ್ಳಲಾರರು. ದುಡ್ಡು ಬೆಂಗಳೂರಿನಿಂದ ಬರುತ್ತದೆ, ಜನರನ್ನು ಜಿಲ್ಲೆಯಿಂದ ಹಾಕುತ್ತಾರೆ. ನೀವು ಕಟ್ಟುವ ದಂಡಕ್ಕೂ ಈ ಎರಡಕ್ಕೂ ಸಂಬಂಧವೇ ಇಲ್ಲ.

ಇಷ್ಟಕ್ಕೆ ಯಾರೂ ಒಪ್ಪುವುದಿಲ್ಲ ಅಂತ ಗೊತ್ತು. ‘ಸಾರ್, ನೀವು ಏನೇ ಹೇಳಿ, ವಸೂಲಿ ಮಾಡಿದ್ದರಲ್ಲಿ ಠಾಣೆಗೆ ಪರ್ಸೆಂಟೇಜ್ ಇದ್ದೇ ಇರುತ್ತೆ’ ಅನ್ನುವವರು ನನ್ನ ಮನೆಯಲ್ಲೇ ಇದ್ದಾರೆ. ತಾಲ್ಲೂಕು ಖಜಾನೆಯಲ್ಲಿ ಚಲನ್ ನೋಡಿ ನೋಡಿಯೇ ನಿವೃತ್ತನಾದವನು ನಾನು. ಈ ಒಂದು ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇದೆ, ಸಹಿಸಿಕೊಳ್ಳಿ.

ಸಂವಿಧಾನದ 266ನೇ ವಿಧಿ ನೋಡಿ. ರಾಜ್ಯ ಸರ್ಕಾರಕ್ಕೆ ಬರುವ ಆದಾಯವೆಲ್ಲ ರಾಜ್ಯದ ಸಂಚಿತ ನಿಧಿಗೆ ಸೇರಬೇಕು. ಅಲ್ಲಿಂದ ಒಂದು ರೂಪಾಯಿ ತೆಗೆಯಬೇಕಾದರೂ ವಿಧಾನಮಂಡಲ ಒಪ್ಪಿದ ಕಾನೂನು ಬೇಕು. ಅಂದರೆ ನಡುದಾರಿಯಲ್ಲಿ ವಸೂಲಾದ ಹಣವನ್ನು ನಡುದಾರಿಯಲ್ಲೇ ಖರ್ಚು ಮಾಡುವ ಹಾಗಿಲ್ಲ. ಖಜಾನೆಯ ಲೆಕ್ಕದಲ್ಲಿ ಪೊಲೀಸ್ ಇಲಾಖೆಯಿಂದ ಬರುವ ಹಣಕ್ಕೆ 0055 ಎಂಬ ಶೀರ್ಷಿಕೆ, ಇಲಾಖೆಯ ಖರ್ಚಿಗೆ 2055, ಕಟ್ಟಡದಂಥ ಬಂಡವಾಳ ವೆಚ್ಚಕ್ಕೆ 4055. ಕೋರ್ಟ್ ಹಾಕುವ ದಂಡಕ್ಕೆ ಇವೆಲ್ಲ ಬಿಟ್ಟು ಬೇರೆಯೇ ಶೀರ್ಷಿಕೆ. ಬರುವ ತೊಟ್ಟಿಯಿಂದ ಹೋಗುವ ತೊಟ್ಟಿಗೆ ನೇರ ಪೈಪು ಹಾಕಿಲ್ಲ, ಎಲ್ಲಾ ಒಂದೇ ದೊಡ್ಡ ಕೆರೆಗೆ ಬಿದ್ದು ಬಜೆಟ್ಟಿನ ತೂಬಿನಿಂದಲೇ ಹೊರಗೆ ಬರಬೇಕು. ನಿಮ್ಮ ಹೆಲ್ಮೆಟ್ ದಂಡದ 500 ರೂಪಾಯಿ ಅಂಗನವಾಡಿಯ ಮೊಟ್ಟೆಗೆ ಹೋಗಿರಬಹುದು, ಮೇಷ್ಟ್ರ ಸಂಬಳಕ್ಕೂ ಹೋಗಿರಬಹುದು. ಯಾವ ನೋಟು ಎಲ್ಲಿಗೆ ಹೋಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಇನ್ನೂ ಅನುಮಾನವೇ? ಹಾಗಿದ್ದರೆ ದಂಡದ ಮೊತ್ತ ಯಾರು ನಿಗದಿ ಮಾಡುತ್ತಾರೆ ನೋಡಿ. 2019ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು ಹೆಲ್ಮೆಟ್ ದಂಡವನ್ನು 1000 ರೂಪಾಯಿ ಮಾಡಿತು. ಜನ ಗಲಾಟೆ ಮಾಡಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಅದನ್ನು 500ಕ್ಕೆ ಇಳಿಸಿತು. 2023ರ ಫೆಬ್ರವರಿಯಲ್ಲಿ ಬಾಕಿ ಸಂಚಾರ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಿದ್ದೂ ಸರ್ಕಾರವೇ. ನೆನಪಿದೆ ಅಲ್ವಾ, ಜನ ಕ್ಯೂ ನಿಂತು ಕಟ್ಟಿದರು. ಅದು ಠಾಣೆಯ ಸಂಪಾದನೆಯಾಗಿದ್ದರೆ ಇನ್ಯಾರೋ ಕೂತು ಅರ್ಧ ಮನ್ನಾ ಮಾಡುವಾಗ ಯಾವ ಠಾಣೆ ಸುಮ್ಮನಿರುತ್ತಿತ್ತು?

ಇನ್ನೊಂದು ಕಡೆಯಿಂದಲೂ ನೋಡಿ. ಠಾಣೆಗೆ ದಂಡದಲ್ಲಿ ಪಾಲು ಇದ್ದಿದ್ದರೆ ಹೆದ್ದಾರಿ ಪಕ್ಕದ ಠಾಣೆಗಳೆಲ್ಲ ಅರಮನೆಯ ಹಾಗಿರಬೇಕಿತ್ತು. ನಿಜಸ್ಥಿತಿ ಏನು? ಎಷ್ಟೋ ಕಡೆ ಝೆರಾಕ್ಸ್ ಪೇಪರ್‌ಗೆ ರೈಟರ್, ಅಂದರೆ ಠಾಣೆಯ ಬರವಣಿಗೆ ನೋಡಿಕೊಳ್ಳುವ ಪೊಲೀಸರು, ಪರದಾಡುತ್ತಾರೆ. ವಾರಸುದಾರರಿಲ್ಲದ ಹೆಣ ಸಿಕ್ಕಿದರೆ ಮಣ್ಣು ಮಾಡಿಸುವ ಖರ್ಚಿಗೆ ಪೇದೆ ತನ್ನ ಜೇಬಿಗೆ ಕೈ ಹಾಕುತ್ತಾನೆ. ಜೀಪಿನ ಡೀಸೆಲ್‌ಗೆ ತಿಂಗಳ ಮಿತಿ ಇರುತ್ತದೆ. ಠಾಣೆಯ ಗೇಟು, ಕಮಾನು, ಕುಡಿಯುವ ನೀರಿನ ಫಿಲ್ಟರ್ ಮೇಲೆ ದಾನಿಗಳ ಹೆಸರು, ಬ್ಯಾರಿಕೇಡ್ ಮೇಲೆ ಚಿನ್ನದಂಗಡಿಯ ಜಾಹೀರಾತು. ಪರ್ಸೆಂಟೇಜ್ ಬರುವ ಕಡೆ ಫಿಲ್ಟರ್‌ಗೆ ದಾನಿ ಹುಡುಕುತ್ತಾರಾ?

ಹಾಗಾದರೆ ಕ್ರಾಸಿನಲ್ಲಿ ಯಾಕೆ ನಿಲ್ಲುತ್ತಾರೆ ಅಂತೀರಿ. ಇಲ್ಲಿ ನಿಮ್ಮ ಅನುಮಾನಕ್ಕೆ ಸ್ವಲ್ಪ ಜಾಗ ಇದೆ, ಒಪ್ಪುತ್ತೇನೆ. ತಿಂಗಳ ಅಪರಾಧ ಪರಿಶೀಲನಾ ಸಭೆಯಲ್ಲಿ ಐಎಂವಿ (ಮೋಟಾರು ವಾಹನ ಕಾಯ್ದೆಯ) ಕೇಸ್ ಎಷ್ಟು ಹಾಕಿದಿರಿ ಅಂತ ಮೇಲಿನವರು ಕೇಳುತ್ತಾರೆ. ಪಕ್ಕದ ಠಾಣೆಗಿಂತ ಕಡಿಮೆಯಾದರೆ ಬೈಗುಳ. ಹಾಗಾಗಿ ಸಭೆ ಹತ್ತಿರ ಬಂದಾಗ ಕ್ರಾಸಿನಲ್ಲಿ ಜನ ಜಾಸ್ತಿ ಕಾಣುತ್ತಾರೆ. ಇದು ಲೆಕ್ಕ ತೋರಿಸುವ ಒತ್ತಡ, ಠಾಣೆಯ ಸಂಪಾದನೆ ಅಲ್ಲ. ಜೊತೆಗೆ ಹೆಲ್ಮೆಟ್ ಇಲ್ಲದೆ ತಲೆ ಒಡೆದುಕೊಂಡವರ ಪಂಚನಾಮೆ ಬರೆಯುವವರೂ ಇದೇ ಪೇದೆಗಳು ಅನ್ನುವುದನ್ನು ಮರೆಯಬೇಡಿ.

ರಸೀದಿ ಇಲ್ಲದೆ ಕೊಟ್ಟ ಇನ್ನೂರು ರೂಪಾಯಿ? ಅದು ದಂಡ ಅಲ್ಲ, ಲಂಚ. ಅದು ಖಜಾನೆಗೂ ಬರುವುದಿಲ್ಲ, ಠಾಣೆಗೂ ಬರುವುದಿಲ್ಲ, ಒಬ್ಬರ ಜೇಬಿಗೆ ಹೋಗುತ್ತದೆ. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳ) ರದ್ದು ಮಾಡಿದ ಮೇಲೆ ಇಂಥ ದೂರುಗಳನ್ನು ಮತ್ತೆ ಲೋಕಾಯುಕ್ತ ಪೊಲೀಸರೇ ನೋಡುತ್ತಾರೆ. ಅಲ್ಲಿಗೆ ಹೋಗಿ. ಅದನ್ನು ಇದಕ್ಕೆ ಕಲಸಬೇಡಿ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಈ ಕಲ್ಪನೆ ಪ್ರಪಂಚದಲ್ಲಿ ಎಲ್ಲೂ ನಿಜವಲ್ಲ ಅಂತಲ್ಲ. ಅಮೆರಿಕದಲ್ಲಿರುವ ನಮ್ಮ ಓದುಗರು ಆಗಾಗ ‘ಇಲ್ಲಿ ಊರಿನ ಕೌನ್ಸಿಲ್ಲೇ ಪೊಲೀಸರನ್ನು ಇಟ್ಟುಕೊಳ್ಳುತ್ತೆ’ ಅಂತ ಬರೆಯುತ್ತಾರೆ. ಅದು ಹೌದು. ಅಲ್ಲಿ ಸಣ್ಣ ಊರಿಗೂ ಸ್ವಂತ ಪೊಲೀಸ್ ಇಲಾಖೆ ಇರಬಹುದು, ದುಡ್ಡು ಸಾಲದಿದ್ದರೆ ಮುಚ್ಚಿ ಕೌಂಟಿ ಶೆರಿಫ್‌ಗೆ, ಅಂದರೆ ನಮ್ಮ ಜಿಲ್ಲೆಯಂಥ ಪ್ರದೇಶದ ಪೊಲೀಸ್ ಮುಖ್ಯಸ್ಥರಿಗೆ, ಒಪ್ಪಿಸಲೂಬಹುದು. ಅದರ ಕೆಡುಕೂ ಅಲ್ಲೇ ಕಂಡಿದೆ. ಮಿಸೌರಿ ರಾಜ್ಯದ ಫರ್ಗುಸನ್ ಎಂಬ, ಸುಮಾರು 21 ಸಾವಿರ ಜನರ ಊರಿನ ಬಗ್ಗೆ ಅಲ್ಲಿನ ನ್ಯಾಯ ಇಲಾಖೆ 2015ರಲ್ಲಿ ಕೊಟ್ಟ ವರದಿ ಓದಿ. ಊರಿನ ಆದಾಯ ಹೆಚ್ಚಿಸಲು ದಂಡ ಹಾಕುವುದೇ ಪೊಲೀಸರ ಕೆಲಸವಾಗಿಬಿಟ್ಟಿತ್ತು ಅಂತ ನೇರವಾಗಿ ಹೇಳಿದೆ. ಆಮೇಲೆ ದಂಡದಿಂದ ಊರು ಎಷ್ಟು ಪಾಲು ಆದಾಯ ಮಾಡಬಹುದು ಅನ್ನುವ ಮಿತಿಯನ್ನು ಆ ರಾಜ್ಯ ಇನ್ನಷ್ಟು ಬಿಗಿ ಮಾಡಿತು. ನಮ್ಮಲ್ಲಿ ಪೊಲೀಸ್ ರಾಜ್ಯಪಟ್ಟಿಯ ವಿಷಯ. ಪಟ್ಟಣ ಪಂಚಾಯಿತಿ ತನ್ನ ದುಡ್ಡಲ್ಲಿ ಬಸ್‌ಸ್ಟ್ಯಾಂಡಿಗೆ ಸಿಸಿ ಕ್ಯಾಮೆರಾ ಹಾಕಿಸಬಹುದು, ಪೇದೆಯನ್ನು ಇಡಲಾರದು.

ಸರಿ, ದುಡ್ಡಿನ ಕಥೆ ಮುಗಿಯಿತು. ಜನ ಯಾಕಿಲ್ಲ?

ನಿಮ್ಮ ಠಾಣೆಯ ಬೋರ್ಡಿನಲ್ಲಿ ‘ಮಂಜೂರಾತಿ’ ಅಂತ ಒಂದು ಸಂಖ್ಯೆ ಇರುತ್ತದೆ. ಎಲ್ಲರೂ ಅದನ್ನೇ ನೋಡಿ ಕೋಪ ಮಾಡಿಕೊಳ್ಳುತ್ತಾರೆ. ಲೆಕ್ಕಕ್ಕೆ ಅಂತ 30 ಜನ ಮಂಜೂರಾದ ಒಂದು ಠಾಣೆ ಅಂದುಕೊಳ್ಳಿ. ಆರು ಹುದ್ದೆ ಖಾಲಿ, ಉಳಿದದ್ದು 24. ಮೂವರು ಓಓಡಿ, ಅಂದರೆ ಸಂಬಳದ ಲೆಕ್ಕ ಇಲ್ಲಿ, ಕೆಲಸ ಎಸ್‌ಪಿ ಆಫೀಸಿನಲ್ಲೋ ಸರ್ಕಲ್ ಆಫೀಸಿನಲ್ಲೋ. ಒಬ್ಬರು ತರಬೇತಿಗೆ ಹೋಗಿದ್ದಾರೆ, ಇಬ್ಬರಿಗೆ ರಜೆ. ಹದಿನೆಂಟಕ್ಕೆ ಬಂತು. ಕೋರ್ಟ್ ಡ್ಯೂಟಿಗೆ ಒಬ್ಬ, ಸಮನ್ಸ್ ವಾರಂಟಿಗೆ ಇಬ್ಬರು, ರೈಟರ್ ಮತ್ತು ಅವರ ಸಹಾಯಕ, ಕಂಪ್ಯೂಟರ್ ಮುಂದೆ ಒಬ್ಬ, ಗುಪ್ತ ಮಾಹಿತಿಗೆ ಒಬ್ಬ. ಹನ್ನೊಂದು. ಠಾಣಾ ಪಹರೆಗೆ ಪಾಳಿಗೊಬ್ಬರಂತೆ ಮೂವರು. ಎಂಟು. ಈ ಎಂಟು ಜನರಲ್ಲಿ ಹಗಲು, ರಾತ್ರಿ, ಜೀಪು, ಬೀಟು, ಜಗಳ, ಅಪಘಾತ, ಪಾಸ್‌ಪೋರ್ಟ್ ವಿಚಾರಣೆ ಎಲ್ಲಾ ಆಗಬೇಕು. ನೀವು ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದಾಗ ಗಸ್ತಿಗೆ ಇರುವವರು ಇಬ್ಬರು, ಅವರು ಹೋಬಳಿಯ ಇನ್ನೊಂದು ತುದಿಯಲ್ಲಿ.

ಇದು ಸುಮ್ನೆ ಇದ್ದ ದಿನದ ಲೆಕ್ಕ. ಗಣಪತಿ ವಿಸರ್ಜನೆ, ಮೈಸೂರು ದಸರಾ, ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನ, ಚುನಾವಣೆ ಬಂದರೆ ಸಣ್ಣ ಠಾಣೆಗಳಿಂದಲೇ ಜನ ಕೀಳುತ್ತಾರೆ. ಬಂದೋಬಸ್ತಿಗೆ ಹೋದ ಪೇದೆ ಕಲ್ಯಾಣ ಮಂಟಪದಲ್ಲೋ ಶಾಲೆಯಲ್ಲೋ ಮಲಗಿ ವಾರ ಬಿಟ್ಟು ವಾಪಸ್ ಬರುತ್ತಾನೆ. ಅಲ್ಲಿಯವರೆಗೆ ನಿಮ್ಮೂರಿನ ಬೀಟ್ ಪುಸ್ತಕಕ್ಕೆ ಸಹಿ ಮಾತ್ರ. 2017ರಲ್ಲಿ ತಂದ ಹೊಸ ಬೀಟ್ ವ್ಯವಸ್ಥೆಯಲ್ಲಿ ಒಂದೊಂದು ಪ್ರದೇಶಕ್ಕೆ ಒಬ್ಬೊಬ್ಬ ಪೇದೆಯೇ ಹೊಣೆ ಅಂತ ಮಾಡಿದರು. ಒಳ್ಳೆಯ ಯೋಚನೆ. ಆದರೆ ಆ ಹೊಣೆಗಾರನೇ ದಸರಾ ಬಂದೋಬಸ್ತಿನಲ್ಲಿದ್ದರೆ?

ಖಾಲಿ ಹುದ್ದೆ ಯಾಕೆ ತುಂಬುವುದಿಲ್ಲ ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಯಿತು. 2022ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ರದ್ದು ಮಾಡಿತು. ಕೋರ್ಟಿನಲ್ಲಿ ಜಗಳ ನಡೆದು ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಪರೀಕ್ಷೆ ಬರೆದ ಮೇಲೆ ಪಟ್ಟಿ, ಆಕ್ಷೇಪಣೆ, ವೈದ್ಯಕೀಯ ತಪಾಸಣೆ, ಆಮೇಲೆ ಅಕಾಡೆಮಿಯಲ್ಲಿ ತರಬೇತಿ, ಅದಾದ ಮೇಲೆ ಪ್ರೊಬೇಷನರಿ. ಈ ಮಧ್ಯೆ ನಿವೃತ್ತಿ ನಿಲ್ಲುತ್ತದಾ? ಬಜೆಟ್ಟಿನಲ್ಲಿ ದುಡ್ಡು ಇದ್ದೂ ಕುರ್ಚಿ ಖಾಲಿ ಇರುವುದು ಹೀಗೆ.

ಇನ್ನು ಬಂದವರು ನಿಲ್ಲಬೇಕಲ್ಲ. ಪೇದೆಗೂ ಹೆಂಡತಿ ಮಕ್ಕಳಿದ್ದಾರೆ. ಹೋಬಳಿಯಲ್ಲಿ ಒಳ್ಳೆಯ ಶಾಲೆ ಇಲ್ಲ, ಬಾಡಿಗೆ ಮನೆ ಸಿಗುವುದಿಲ್ಲ, ಕ್ವಾರ್ಟರ್ಸ್ ಇದ್ದರೂ ಸೋರುತ್ತದೆ. ಕ್ವಾರ್ಟರ್ಸ್ ಕಟ್ಟಲೆಂದೇ 1985ರಲ್ಲಿ ಪೊಲೀಸ್ ವಸತಿ ನಿಗಮ ಮಾಡಿದರು, ಸಾಕಷ್ಟು ಕಟ್ಟಿದೆ ಕೂಡ, ಆದರೆ ಎಲ್ಲಾ ಹೋಬಳಿಗೂ ಮುಟ್ಟಿಲ್ಲ. ಹಾಗಾಗಿ ಬಂದವನು ಮೊದಲ ದಿನದಿಂದಲೇ ತಾಲ್ಲೂಕು ಕೇಂದ್ರಕ್ಕೆ ವರ್ಗಾವಣೆ ಕೇಳುತ್ತಾನೆ, ಸಿಗದಿದ್ದರೆ ಓಓಡಿ. ನನ್ನನ್ನು ಕೇಳಿದರೆ ಹೊಸ ಜೀಪಿಗಿಂತ ನಾಲ್ಕು ಸೋರದ ಮನೆ ಕೊಡಿ ಅಂತೀನಿ.

ನೀವು ಏನು ಮಾಡಬಹುದು? ಹೊಸ ಹುದ್ದೆ ಬೇಕಾದರೆ ದಾರಿ ಉದ್ದ. ಎಸ್‌ಪಿ ಕಚೇರಿಯಿಂದ ಪ್ರಸ್ತಾವನೆ ಹೋಗಬೇಕು, ಡಿಜಿಪಿ ಕಚೇರಿ, ಗೃಹ ಇಲಾಖೆ ದಾಟಿ ಆರ್ಥಿಕ ಇಲಾಖೆ ಒಪ್ಪಬೇಕು. ಶಾಸಕರ ಪತ್ರ, ಪಂಚಾಯಿತಿ ಠರಾವು ಆ ಕಡತವನ್ನು ಸ್ವಲ್ಪ ತಳ್ಳಬಹುದು, ಅಷ್ಟೇ. ಅದಕ್ಕಿಂತ ಮೊದಲು ಇರುವವರು ಎಲ್ಲಿದ್ದಾರೆ ಕೇಳಿ. ಎಸ್‌ಪಿ ಕಚೇರಿಗೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ: ನಮ್ಮ ಠಾಣೆಯ ಮಂಜೂರಾತಿ ಎಷ್ಟು, ಹಾಲಿ ಎಷ್ಟು, ಅದರಲ್ಲಿ ಓಓಡಿ ಮೇಲೆ ಹೊರಗಿರುವವರು ಎಷ್ಟು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಆದ್ದರಿಂದ ಊರ ರಾಜಕೀಯವನ್ನೆಲ್ಲ ಅದರಲ್ಲಿ ತುರುಕಬೇಡಿ. ಮೂರನೇ ಸಂಖ್ಯೆ ಕೈಗೆ ಬಂದರೆ ಅದನ್ನು ಹಿಡಿದು ಮಾತಾಡಿ. ಹೊಸ ಹುದ್ದೆಗೆ ಆರ್ಥಿಕ ಇಲಾಖೆ ಬೇಕು, ಓಓಡಿ ವಾಪಸ್ ಕರೆಸಲು ಎಸ್‌ಪಿಯವರ ಒಂದು ಆದೇಶ ಸಾಕು.

ಇದೆಲ್ಲ ಬರೆಯುವಾಗ ನನಗೇ ಇನ್ನೊಂದು ಪ್ರಶ್ನೆ ಬಂತು, ಯಾರೂ ಕೇಳಿಲ್ಲ. ಠಾಣೆಗಳು ಇಷ್ಟು ಹತ್ತಿರ ಇಲ್ಲದ ಕಾಲದಲ್ಲಿ ಊರು ಕಾಯುತ್ತಿದ್ದವರಿಗೆ ದುಡ್ಡು ಯಾರು ಕೊಡುತ್ತಿದ್ದರು? ಊರೇ ಕೊಡುತ್ತಿತ್ತು. ತಳವಾರ, ತೋಟಿ ಅಂತ ಇದ್ದರು. ಅವರಿಗೆ ಇನಾಮು ಜಮೀನು, ಸುಗ್ಗಿಯಲ್ಲಿ ಕಣದಿಂದ ಆಯ, ಅಂದರೆ ಧಾನ್ಯದ ಪಾಲು. ಕಳ್ಳತನವಾದರೆ ಪಟೇಲರ ಮುಂದೆ ಮೊದಲು ನಿಲ್ಲುತ್ತಿದ್ದವನು ತಳವಾರ. ಊರ ಕಾವಲನ್ನು ಊರೇ ಸಾಕುವ ವ್ಯವಸ್ಥೆ ನಮ್ಮಲ್ಲೂ ಇತ್ತು ಅಂತಾಯಿತು. ಆದರೆ ‘ಎಷ್ಟು ಚೆನ್ನಾಗಿತ್ತು’ ಅಂತ ಹಾಡಬೇಡಿ. ಅದು ಜಾತಿಯಿಂದ ಬರುತ್ತಿದ್ದ ಕೆಲಸ, ಅಪ್ಪನಿಂದ ಮಗನಿಗೆ, ಬೇಡ ಅನ್ನುವ ಹಾಗಿರಲಿಲ್ಲ, ಜೊತೆಗೆ ಬಿಟ್ಟಿ ಚಾಕರಿ ಬೇರೆ. 1961ರಲ್ಲಿ ವಂಶಪಾರಂಪರ್ಯ ಗ್ರಾಮ ಹುದ್ದೆಗಳ ರದ್ದತಿಗೆ ಕಾಯ್ದೆ ಬಂತು, 1963ರಲ್ಲಿ ಜಾರಿಯಾಯಿತು. ಪಟೇಲ, ಶಾನುಭೋಗರ ಜೊತೆ ತಳವಾರಿಕೆಯೂ ಹೋಯಿತು.

ಆ ಜಾಗ ತುಂಬಲು 1964ರಲ್ಲಿ ಗ್ರಾಮ ರಕ್ಷಣಾ ದಳದ ಕಾಯ್ದೆ ಮಾಡಿದರು. ಊರಿನ ಯುವಕರೇ ಸ್ವಯಂಸೇವಕರು, ಸಂಬಳ ಇಲ್ಲ, ಪೊಲೀಸರ ಕೈಕೆಳಗೆ ಗಸ್ತು. ಕಾಯ್ದೆ ಪುಸ್ತಕದಲ್ಲಿದೆ, ದಳ ಇರುವ ಊರು ಹುಡುಕಬೇಕು. ಹಗಲೆಲ್ಲ ಗೇಯ್ದವನು ಸಂಬಳವಿಲ್ಲದೆ ರಾತ್ರಿ ಎಷ್ಟು ದಿನ ಲಾಟಿ ಹಿಡಿದು ತಿರುಗುತ್ತಾನೆ? ನಿಮ್ಮೂರಲ್ಲಿ ಉತ್ಸಾಹಿ ಹುಡುಗರಿದ್ದರೆ ಎಸ್‌ಪಿಯವರಿಗೆ ಬರೆದು ನೋಡಿ. ಅರ್ಜಿಯ ಒಂದು ಪ್ರತಿ ಠಾಣೆಗೂ ಕೊಡಿ, ಹಗಲು ಹೊತ್ತಿನಲ್ಲಿ. ಆಗ ರೈಟರ್ ಇರುತ್ತಾರೆ.