4 ಪೌಂಡಿನ ತಂಗೂಸಿ ಟ್ರೌಟ್ ಮೀನಿಗೆ ತಡೆಯುತ್ತದೆಯೇ?

ಪ್ರಶ್ನೆ: ದಡದಿಂದ ಟ್ರೌಟ್ ಹಿಡಿಯಲು 4 ಪೌಂಡಿನ ತಂಗೂಸಿ (ಗಾಳದ ನೈಲಾನ್ ದಾರ) ಸಾಕು ಅನ್ನುತ್ತೀರಿ. ಎರಡು ಕಿಲೋ ಮೀನು ಸಿಕ್ಕರೆ ತುಂಡಾಗುವುದಿಲ್ಲವೇ? 10 ಪೌಂಡಿನದು ಹಾಕಿಕೊಂಡರೆ ಚಿಂತೆ ಇರುವುದಿಲ್ಲವಲ್ಲ?

ಉತ್ತರ: ಸಾಕು. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಮತ್ತೆ ಬರುತ್ತದೆ, ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಮೊದಲು ಜೋಡಣೆ. ಆರೇಳು ಅಡಿಯ ಹಗುರ ರಾಡ್, 1000 ಅಥವಾ 2000 ಸೈಜಿನ ಸ್ಪಿನ್ನಿಂಗ್ ರೀಲ್. ತಂಗೂಸಿಗೆ ನಡುವೆ ತೂತಿರುವ 7 ಗ್ರಾಂ ಸೀಸದ ಗುಂಡು ಪೋಣಿಸಿ, ಆಮೇಲೆ ಒಂದು ಸಣ್ಣ ಮಣಿ, ಕೊನೆಗೆ ಸ್ವಿವೆಲ್ (ಎರಡೂ ತುದಿ ಬೇರೆಬೇರೆಯಾಗಿ ತಿರುಗುವ ಕೊಂಡಿ) ಕಟ್ಟಿ. ಗುಂಡು ದಾರದ ಮೇಲೆ ಜಾರುವುದರಿಂದ ಎರೆ ಕಚ್ಚಿದ ಮೀನಿಗೆ ಭಾರ ತಿಳಿಯುವುದಿಲ್ಲ. ಮಣಿ ಬಿಟ್ಟರೆ ಸೀಸ ಪ್ರತಿ ಎಸೆತಕ್ಕೂ ಗಂಟನ್ನೇ ಕುಟ್ಟುತ್ತದೆ. ಸ್ವಿವೆಲ್‌ನ ಆಚೆ ಬದಿಗೆ 50–60 ಸೆಂ.ಮೀ. ಲೀಡರ್, ಅಂದರೆ ಗಾಳ ಕಟ್ಟುವ ತುಂಡು ದಾರ. ಅದು ಮುಖ್ಯ ದಾರಕ್ಕಿಂತ ತುಸು ತೆಳುವಿರಲಿ, ಕಲ್ಲಿಗೆ ಸಿಕ್ಕಿಕೊಂಡರೆ ಅಷ್ಟೇ ಹೋಗುತ್ತದೆ. ತುದಿಗೆ 10ನೇ ನಂಬರಿನ ಗಾಳ. ತೇಲುವ ಹಿಟ್ಟಿನ ಎರೆಯಾದರೆ ಎಸೆಯುವ ಮುಂಚೆ ಕಾಲ ಬಳಿಯ ನೀರಿನಲ್ಲಿ ಬಿಟ್ಟು ನೋಡಿ. ಗಾಳವನ್ನೂ ಎತ್ತಿಕೊಂಡು ಮೇಲೆ ಬರಬೇಕು. ಬರದಿದ್ದರೆ ಇನ್ನಷ್ಟು ಹಿಟ್ಟು ಮೆತ್ತಿ, ಇಲ್ಲವೇ ಚಿಕ್ಕ ಗಾಳ ಹಾಕಿ. ಪಾಚಿಯಲ್ಲಿ ಹೂತುಹೋದ ಎರೆ ಯಾವ ಮೀನಿನ ಕಣ್ಣಿಗೂ ಬೀಳದು.

ಇನ್ನು ದಪ್ಪ ದಾರದ ವಿಷಯ. 4 ಪೌಂಡ್ ಎಂದರೆ ಸುಮಾರು 1.8 ಕಿಲೋ ಎಳೆತಕ್ಕೆ ದಾರ ತುಂಡಾಗುತ್ತದೆ ಎಂದರ್ಥ. ಅದಕ್ಕಿಂತ ತೂಕದ ಮೀನು ಹಿಡಿಯಲಾಗದು ಎಂದಲ್ಲ. ನೀರಿನಲ್ಲಿರುವಷ್ಟು ಹೊತ್ತು ಮೀನಿನ ಭಾರವನ್ನು ನೀರೇ ಹೊತ್ತಿರುತ್ತದೆ, ದಾರಕ್ಕೆ ಬೀಳುವುದು ಅದು ಓಡುವ ಎಳೆತ ಮಾತ್ರ. ಆ ಎಳೆತ ಎಷ್ಟರ ತನಕ ಏರಬೇಕು ಎಂದು ತೀರ್ಮಾನಿಸುವುದು ರೀಲಿನ ಡ್ರ್ಯಾಗ್, ಅಂದರೆ ದಾರ ಬಿಡುವ ಬಿಗಿಯನ್ನು ಹೊಂದಿಸುವ ಬ್ರೇಕ್. ಡ್ರ್ಯಾಗ್ ಸರಿಯಾಗಿದ್ದರೆ ಎಳೆತ ಮಿತಿ ಮುಟ್ಟುವ ಮೊದಲೇ ರೀಲು ದಾರ ಬಿಟ್ಟುಕೊಡುತ್ತದೆ. ಅದನ್ನು ಕೈಯಂದಾಜಿನಲ್ಲಿ ಬಿಗಿ ಮಾಡಬೇಡಿ. ನೀರು ತುಂಬಿದ ಅರ್ಧ ಲೀಟರ್ ಬಾಟಲಿಯನ್ನು ರೀಲಿನಿಂದ ನೇರ ಇಳಿಬಿಟ್ಟ ದಾರಕ್ಕೆ ಕಟ್ಟಿ, ಡ್ರ್ಯಾಗ್ ಸಡಿಲಿಸುತ್ತಾ ಬನ್ನಿ. ಬಾಟಲಿ ಮೆಲ್ಲಗೆ ಜಾರತೊಡಗಿದಲ್ಲಿ ನಿಲ್ಲಿಸಿ. ಇದು ದಾರದ ಬಲದ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ರಾಡ್ ಬಾಗಿದಾಗ ಅದರ ಮೇಲೆ ದಾರ ಹಾಯುವ ರಿಂಗುಗಳ ಉಜ್ಜಾಟದಿಂದ ಎಳೆತ ಮತ್ತಷ್ಟು ಏರುವುದರಿಂದ ಈ ಅಂತರ ಬೇಕೇ ಬೇಕು.

ದಪ್ಪ ದಾರದಿಂದ ಆಗುವ ನಷ್ಟವನ್ನೂ ಲೆಕ್ಕ ಹಾಕಿ. 0.20 ಮಿ.ಮೀ. ಬದಲು ಅದೇ ಜಾತಿಯ 0.30 ಮಿ.ಮೀ. ತಂಗೂಸಿ ಹಾಕಿದರೆ ಅದರ ಬಿಗುಸು ಒಂದೂವರೆ ಪಟ್ಟಲ್ಲ, ಐದು ಪಟ್ಟು ಹೆಚ್ಚುತ್ತದೆ. ರೀಲಿನಲ್ಲಿ ದಾರ ಸುತ್ತಿರುವ ಸ್ಪೂಲಿನಿಂದ ಸುರುಳಿ ಸುರುಳಿಯಾಗಿ ಎದ್ದು ರಿಂಗುಗಳಿಗೆ ಬಡಿಯುತ್ತದೆ, 7 ಗ್ರಾಂ ಗುಂಡು ದೂರ ಹೋಗುವುದಿಲ್ಲ. ಆಗ 20 ಗ್ರಾಂ ಗುಂಡು ಬೇಕೆನಿಸುತ್ತದೆ, ಅದಕ್ಕೆ ಗಟ್ಟಿ ರಾಡ್ ಬೇಕು, ಗಟ್ಟಿ ರಾಡಿಗೆ ಟ್ರೌಟ್‌ನ ಮೆದು ಬಾಯಿಂದ ಗಾಳ ಕಿತ್ತು ಬರುತ್ತದೆ. ದಾರ ಉಳಿಯಿತು, ಮೀನು ಹೋಯಿತು.

"ಆದರೂ ನನ್ನದು ತುಂಡಾಯಿತಲ್ಲ" ಅನ್ನುವವರು ತುಂಡಾದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಹಂದಿಯ ಬಾಲದಂತೆ ಸುರುಳಿಯಾಗಿದ್ದರೆ ದಾರ ಹರಿದಿಲ್ಲ, ಗಂಟು ಜಾರಿದೆ. ಬಿಳಿಚಿಕೊಂಡು ಒರಟಾಗಿದ್ದರೆ ಕಲ್ಲಿಗೆ ಉಜ್ಜಿದೆ. ಇವೆರಡಕ್ಕೂ ದಪ್ಪ ದಾರ ಮದ್ದಲ್ಲ. ಗಂಟಿಗೆ ಐದಾರು ಸುತ್ತು ಹಾಕಿ, ಬಿಗಿಯುವ ಮುನ್ನ ಎಂಜಲಿನಲ್ಲಿ ಒದ್ದೆ ಮಾಡಿ. ಒಣಗಂಟು ಬಿಗಿಯುವಾಗ ಹುಟ್ಟುವ ಬಿಸಿಗೇ ನೈಲಾನ್ ಸೊರಗುತ್ತದೆ. ಆಗಾಗ ಕೊನೆಯ ಒಂದು ಮೀಟರ್ ದಾರವನ್ನು ಎರಡು ಬೆರಳ ನಡುವೆ ಎಳೆದು, ಒರಟು ತಗುಲಿದರೆ ಆ ಭಾಗ ಕತ್ತರಿಸಿ ಮತ್ತೆ ಕಟ್ಟಿ. ದಡದ ಹತ್ತಿರ ಬಂದ ಮೀನನ್ನು ದಾರ ಹಿಡಿದು ಮೇಲೆತ್ತಬೇಡಿ, ನೀರು ಬಿಟ್ಟ ಕ್ಷಣ ಪೂರ್ತಿ ಭಾರ ದಾರಕ್ಕೆ ಬೀಳುತ್ತದೆ. ಬಲೆ ನೀರಲ್ಲಿ ಮುಳುಗಿಸಿಟ್ಟು ಮೀನನ್ನು ಅದರ ಮೇಲೆ ತನ್ನಿ.

ಡ್ರ್ಯಾಗ್ ಮಾತು ಬಂತಾದ್ದರಿಂದ ಯಾರೂ ಕೇಳದ ಇನ್ನೊಂದು ಸಂಗತಿ. ಮೀನು ಓಡಿ ಡ್ರ್ಯಾಗ್ ಜಾರುತ್ತಿರುವಾಗ ಗಾಬರಿಯಿಂದ ರೀಲಿನ ಹಿಡಿ ತಿರುಗಿಸುತ್ತಲೇ ಇರುವವರು ಬಹಳ. ಆಗ ದಾರ ಒಳಗೆ ಬರುವುದಿಲ್ಲ, ಬರೀ ತಿರುಚಿಕೊಳ್ಳುತ್ತದೆ. 5:1 ಗೇರಿನ ರೀಲಿನಲ್ಲಿ, ಅಂದರೆ ಹಿಡಿ ಒಂದು ಸುತ್ತು ಬಂದರೆ ದಾರ ಸುತ್ತುವ ಭಾಗ ಐದು ಸುತ್ತು ಬರುವ ರೀಲಿನಲ್ಲಿ, ಹಿಡಿಯ ಒಂದು ಸುತ್ತಿಗೆ ದಾರದಲ್ಲಿ ಐದು ತಿರುಚು. ಮೀನು ಓಡುವಾಗ ಕೈ ಬಿಡಿ, ನಿಂತಾಗ ರಾಡ್ ಮೇಲೆತ್ತಿ, ರಾಡ್ ಇಳಿಸುತ್ತಾ ಸುತ್ತಿ. ಈಗಾಗಲೇ ತಿರುಚಿ ಗೋಜಲಾಗುತ್ತಿರುವ ದಾರವಾದರೆ ಸ್ವಿವೆಲ್, ಗುಂಡು, ಗಾಳ ಎಲ್ಲ ಬಿಚ್ಚಿ, ಬರೀ ದಾರವನ್ನು ಹರಿಯುವ ನೀರಿಗೆ 40–50 ಮೀಟರ್ ಬಿಡಿ. ಒಂದೆರಡು ನಿಮಿಷ ಹಾಗೇ ಇದ್ದರೆ ತಿರುಚು ತಾನಾಗಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ಬೆರಳ ನಡುವೆ ಬಿಗಿಯಾಗಿ ಹಿಡಿದು ಸುತ್ತಿಕೊಳ್ಳಿ.