‘ಸ್ತ್ರೀವಾದಿ’ ಅಂದರೆ ಹೆಂಗಸರು ಬರೆದದ್ದು ಎಂದಲ್ಲ

ಶಿವಮೊಗ್ಗದ ಕಡೆಯಿಂದ ಮತ್ತೊಂದು ವಿಚಾರಸಂಕಿರಣದ ಆಹ್ವಾನ ಪತ್ರಿಕೆ ಬಂದಿದೆ. ಶೀರ್ಷಿಕೆ ‘ಮಲೆನಾಡಿನ ಸ್ತ್ರೀವಾದಿ ಸಾಹಿತ್ಯ’. ಒಳಗೆ ನೋಡಿದರೆ ಗೋಷ್ಠಿಗಳೆಲ್ಲ ಈ ಭಾಗದ ಲೇಖಕಿಯರ ಕಥೆ, ಕಾದಂಬರಿಗಳ ಪರಿಚಯ. ಆ ಕೃತಿಗಳಲ್ಲಿ ಸ್ತ್ರೀವಾದ ಇದೆಯೇ, ಇದ್ದರೆ ಎಲ್ಲಿದೆ ಎಂದು ಕೇಳುವ ಪ್ರಬಂಧ ಒಂದೂ ಇಲ್ಲ. ಪ್ರಶ್ನೆಪತ್ರಿಕೆಗಳಲ್ಲೂ ಇದೇ ಗತಿ: ‘ಮಹಿಳಾ/ಸ್ತ್ರೀವಾದಿ ಸಾಹಿತ್ಯ’ ಎಂದು ನಡುವೆ ಒಂದು ಓರೆಗೆರೆ ಎಳೆದು ಎರಡನ್ನೂ ಒಂದೇ ಮಾಡಿಬಿಡುತ್ತಾರೆ. ಆ ಗೆರೆಯ ಆಚೆ ಈಚೆ ಇರುವುದು ಬೇರೆ ಬೇರೆ ಸಂಗತಿಗಳು. ಮಹಿಳಾ ಸಾಹಿತ್ಯ ಎಂದಾಗ ಬರೆದವರು ಯಾರು ಎಂದು ಹೇಳಿದ ಹಾಗಾಯಿತು. ಸ್ತ್ರೀವಾದಿ ಎಂದಾಗ ಬರಹದ ನಿಲುವೇನು ಎಂದು ಹೇಳಿದ ಹಾಗೆ.

ಗೊಂದಲವೆಲ್ಲ ‘ವಾದಿ’ಯನ್ನು ಗಮನಿಸದೆ ‘ಸ್ತ್ರೀ’ಯಲ್ಲೇ ನಿಂತುಬಿಡುವುದರಿಂದ. ಸಂಸ್ಕೃತದ ವದ್ ಎಂದರೆ ಹೇಳು, ನುಡಿ. ವಾದ ಎಂದರೆ ಒಂದು ನಿಲುವಿನ ಪರವಾಗಿ ಆಡುವ ಮಾತು. ಅದನ್ನು ಹಿಡಿದು ನಿಂತವರು ವಾದಿ. ಕೋರ್ಟಿನ ಕನ್ನಡದಲ್ಲಿ ಇದು ಇನ್ನೂ ನಿಚ್ಚಳ: ದಾವೆ ಹೂಡಿದವರು ವಾದಿ, ಉತ್ತರ ಕೊಡಬೇಕಾದವರು ಪ್ರತಿವಾದಿ. ಸ್ತ್ರೀವಾದಿ ಬರಹವನ್ನು ನಾನು ಅರ್ಥ ಮಾಡಿಕೊಳ್ಳುವುದು ಈ ಕೋರ್ಟಿನ ಅರ್ಥದಲ್ಲೇ. ಹೆಣ್ಣಿಗೆ ಸಲ್ಲಬೇಕಾದದ್ದು ಸಂದಿಲ್ಲ, ಅದಕ್ಕೆ ಹಣೆಬರಹವನ್ನು ದೂರಿ ಪ್ರಯೋಜನವಿಲ್ಲ, ಮನೆತನ, ಜಾತಿ, ಆಸ್ತಿಗಳ ಏರ್ಪಾಡೇ ಉತ್ತರ ಹೇಳಬೇಕು ಎಂದು ಅದು ದಾವೆ ಹೂಡುತ್ತದೆ. ದಾವೆಯೇ ಇಲ್ಲದ ಕಡೆ ವಾದಿ ಎಲ್ಲಿಂದ ಬರಬೇಕು?

ಈ ‘ವಾದಿ’ಯನ್ನು ಶಿವಮೊಗ್ಗ ಜಿಲ್ಲೆಯವರಿಗೆ ವಿವರಿಸಬೇಕಾಗಿ ಬರುವುದೇ ಬೇಸರ. ಗೇಣಿದಾರರು ಭೂಮಾಲೀಕರ ವಿರುದ್ಧ ಹೂಡಿದ 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಸಾಗರದ ಮಗ್ಗುಲಲ್ಲಿ. ಸಮಾಜವಾದಿ ಎಂಬ ಮಾತನ್ನು ಆ ಚಳವಳಿಯ ನಾಯಕ ಶಾಂತವೇರಿ ಗೋಪಾಲಗೌಡರ ಹೆಸರಿನ ಜೊತೆಗೇ ಕೇಳುತ್ತ ಬೆಳೆದ ಸೀಮೆ ಇದು. ಗೇಣಿದಾರನಾಗಿ ಹುಟ್ಟಿದ ಮಾತ್ರಕ್ಕೆ ಒಬ್ಬ ಸಮಾಜವಾದಿಯಾಗುವುದಿಲ್ಲ, ಗೇಣಿದಾರನಾಗಿ ಹುಟ್ಟದವನು ಸಮಾಜವಾದಿಯಾಗಲು ಅಡ್ಡಿಯೂ ಇಲ್ಲ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಅದೇ ನ್ಯಾಯ ‘ಸ್ತ್ರೀ’ ಸೇರಿದ ಕೂಡಲೇ ಯಾಕೆ ಮರೆತುಹೋಗಬೇಕು?

ಉದಾಹರಣೆಗೆ ನಂಜನಗೂಡು ತಿರುಮಲಾಂಬ. ಬಾಲವಿಧವೆಯಾಗಿದ್ದ ಅವರು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲೇ ಪ್ರಕಾಶನ ಕಟ್ಟಿದರು, ಪತ್ರಿಕೆ ನಡೆಸಿದರು, ಕಾದಂಬರಿ ಬರೆದರು. ಗ್ರಂಥಮಾಲೆಗೆ ಇಟ್ಟ ಹೆಸರು ‘ಸತೀಹಿತೈಷಿಣಿ’. ಕಾದಂಬರಿಗಳು ಎತ್ತಿಹಿಡಿದದ್ದು ಹೆಚ್ಚಾಗಿ ಪತಿವ್ರತೆಯ ಆದರ್ಶವನ್ನು. ಬದುಕಿನಲ್ಲಿ ಆಕೆ ಇಟ್ಟ ಹೆಜ್ಜೆ ಬರಹ ಹೇಳಿದ್ದಕ್ಕಿಂತ ಎಷ್ಟೋ ಮುಂದಿತ್ತು. ಆಧುನಿಕ ಕನ್ನಡದ ಮಹಿಳಾ ಸಾಹಿತ್ಯದ ಮೊದಲ ಸಾಲಿನಲ್ಲಿ ಅವರು ಇರಲೇಬೇಕು. ಆದರೆ ಸ್ತ್ರೀವಾದಿ ಎಂದು ಮುದ್ರೆ ಒತ್ತಿಬಿಟ್ಟರೆ ಬದುಕಿಗೂ ಬರಹಕ್ಕೂ ನಡುವೆ ಇದ್ದ ಆ ಎಳೆದಾಟ ಕಾಣಿಸದೇ ಹೋಗುತ್ತದೆ. ಅಧ್ಯಯನ ಮಾಡಬೇಕಾದದ್ದೇ ಅದನ್ನು.

ಇನ್ನು ತೀರ್ಥಹಳ್ಳಿಯ ಎಂ.ಕೆ. ಇಂದಿರಾ. ಮೊದಲ ಕಾದಂಬರಿ ‘ತುಂಗಭದ್ರ’ ಪ್ರಕಟವಾದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. ‘ಫಣಿಯಮ್ಮ’ 1976ರದ್ದು. ಸ್ತ್ರೀವಾದಿ ಕಾದಂಬರಿ ಎಂದು ಎಲ್ಲರೂ ಮೊದಲು ಎತ್ತಿಕೊಳ್ಳುವುದು ಇದನ್ನೇ. ಎಳವೆಯಲ್ಲೇ ಗಂಡನನ್ನು ಕಳೆದುಕೊಂಡ ಫಣಿಯಮ್ಮ ಮಡಿ, ಒಪ್ಪೊತ್ತಿನ ಊಟ ಎಲ್ಲವನ್ನೂ ಕೊನೆತನಕ ಪಾಲಿಸುತ್ತಾಳೆ. ತನಗಾಗಿ ಏನನ್ನೂ ಕೇಳುವುದಿಲ್ಲ. ಆದರೆ ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆ ದಾಕ್ಷಾಯಿಣಿಯ ಮಾತು ಬಂದಾಗ ಈ ಮುದುಕಿ ಹುಡುಗಿಯ ಪರ ನಿಲ್ಲುತ್ತಾಳೆ. ದಾವೆ ಹೂಡಿದ್ದು ಹಾಗಾದರೆ ಯಾರು? ಪಾತ್ರವೋ, ಕತೆ ಹೇಳುವ ದನಿಯೋ, ಅಥವಾ ಓದುವ ನಾವೋ? ನನ್ನ ಮಟ್ಟಿಗೆ ಕತೆ ಹೇಳುವ ದನಿ. ಅದು ಫಣಿಯಮ್ಮನ ತಾಳ್ಮೆಯನ್ನು ಗೌರವಿಸುತ್ತಲೇ, ಆ ತಾಳ್ಮೆಯನ್ನು ಅವಳ ಮೇಲೆ ಹೇರಿದವರ ಲೆಕ್ಕವನ್ನು ಒಂದೂ ಬಿಡದೆ ಬರೆದಿಡುತ್ತದೆ. ಬೇರೆಯವರು ಬೇರೆ ಹೇಳಬಹುದು, ಹೇಳಲಿ. ‘ಲೇಖಕಿ ಹೆಂಗಸು, ಆದ್ದರಿಂದ ಸ್ತ್ರೀವಾದಿ’ ಎಂದುಬಿಟ್ಟರೆ ಈ ಚರ್ಚೆ ಶುರುವಾಗುವ ಮೊದಲೇ ಮುಗಿಯುತ್ತದೆ.

ಸ್ತ್ರೀವಾದಿ ಓದು ಎಂಬುದಂತೂ ಬರೆದವರ ಲಿಂಗಕ್ಕೆ ಕಟ್ಟುಬಿದ್ದೇ ಇಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಬೇಡದ ಮದುವೆ ತಪ್ಪಿಸಿಕೊಂಡು ರಾತ್ರೋರಾತ್ರಿ ಕಾಡು ಹೊಕ್ಕ ಚಿನ್ನಮ್ಮನನ್ನು ಬಿಟ್ಟು ಮಲೆನಾಡಿನ ಹೆಣ್ಣಿನ ಬಗ್ಗೆ ಏನು ಮಾತಾಡುತ್ತೀರಿ?

ಹಲವು ಹೆಸರು ಒಬ್ಬರಿಗೇ ಒಪ್ಪುವುದೂ ಉಂಟು. ಬಾನು ಮುಷ್ತಾಕ್ ಹಾಸನದವರು, ಬಾಲ್ಯದಲ್ಲಿ ಕನ್ನಡ ಶಾಲೆ ಕಲಿತದ್ದು ಶಿವಮೊಗ್ಗದಲ್ಲಿ. ದೀಪಾ ಭಾಸ್ತಿ ಅವರ ಅನುವಾದದ ಮೂಲಕ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದವರು. ಅವರನ್ನು ಲೇಖಕಿ, ಬಂಡಾಯ ಸಾಹಿತ್ಯ ಚಳವಳಿಯವರು, ಸ್ತ್ರೀವಾದಿ ಎಂದರೆ ಮೂರೂ ಸರಿ. ಯಾಕೆಂದರೆ ಮೂರನ್ನೂ ಅವರ ಕತೆಗಳಿಂದಲೇ ತೋರಿಸಿಕೊಡಬಹುದು.

ಹಾಗಾದರೆ ‘ಮಹಿಳಾ ಸಾಹಿತ್ಯ’ ಎಂಬ ವಿಂಗಡಣೆಯೇ ಬೇಡವೇ? ಬೇಕು. ಒಂದು ಕಾಲಕ್ಕೆ ಲೇಖಕಿಯರ ಬರಹವನ್ನೆಲ್ಲ ‘ಅಡುಗೆಮನೆ ಸಾಹಿತ್ಯ’ ಎಂದು ಬದಿಗೆ ಸರಿಸಿದ್ದರು. ವಿಮರ್ಶಕಿ ವಿಜಯಾ ದಬ್ಬೆಯಂಥವರು ಕೂತು ಹುಡುಕಿ, ಓದಿ, ದಾಖಲಿಸದಿದ್ದರೆ ಎಷ್ಟೋ ಹೆಸರು ನಮ್ಮವರೆಗೆ ಬರುತ್ತಲೇ ಇರಲಿಲ್ಲ. ಮರೆತವರನ್ನು ಹುಡುಕಲು, ಮರುಮುದ್ರಣಕ್ಕೆ ಒತ್ತಾಯಿಸಲು, ಪಠ್ಯದಲ್ಲಿ ಜಾಗ ಕೇಳಲು ಆ ವಿಂಗಡಣೆ ಬೇಕೇಬೇಕು. ಕೃತಿಯ ನಿಲುವನ್ನು ಅಳೆಯಲು ಅದು ಸಾಲದು, ಅಷ್ಟೆ.

ಅಂದಹಾಗೆ ‘ಮಹಿಳಾ ಲೇಖಕಿ’ ಎಂದು ಅಚ್ಚು ಹಾಕಿಸುವುದನ್ನೂ ದಯವಿಟ್ಟು ನಿಲ್ಲಿಸಿ. ಲೇಖಕಿ ಎಂದ ಮೇಲೆ ಮಹಿಳೆ ಎಂದು ಇನ್ನೊಮ್ಮೆ ಹೇಳಬೇಕಿಲ್ಲ.